ಕೊಂಡ ಬೆಲೆಯಿಲ್ಲದ ಸರಕು

ಕ್ಷಾಮ ಪರಿಹಾರಕ್ಕಾಗಿ 1942ರಲ್ಲಿ ಇಂಗ್ಲೆಂಡಿನಲ್ಲಿ ಸ್ಥಾಪಿತವಾದ ಆಕ್ಸ್‌ಫಾಮ್ ಸಂಸ್ಥೆಯು, ಜನರು ದಾನವಾಗಿ ಕೊಟ್ಟ ಹಳೆಯ ವಸ್ತುಗಳನ್ನು ಮಾರುವ ಸಲುವಾಗಿ ಆ ದಶಕದ ಕೊನೆಯ ಭಾಗದಲ್ಲಿ ಆಕ್ಸ್‌ಫರ್ಡ್ ನಗರದ ಬ್ರಾಡ್ ಸ್ಟ್ರೀಟಿನಲ್ಲಿ ಅಂಗಡಿಯೊಂದನ್ನು ತೆರೆಯಿತು. 1949ರಲ್ಲಿ ಅದರ ಉಸ್ತುವಾರಿ ವಹಿಸಿಕೊಂಡ ಜೋ ಮಿಟ್ಟಿಯವರು ಬಂದದ್ದೆಲ್ಲವನ್ನೂ ಮಾರಿದರು. ಕಟ್ಟಿಸಿದ ಹಲ್ಲುಗಳಿಗೂ ಅಲ್ಲಿ ಗಿರಾಕಿಗಳು ದೊರೆತರಂತೆ!

ಇಂತಹ ದತ್ತಿ ಅಂಗಡಿಗಳು ಇಂದು ಬ್ರಿಟನ್ನಿನ ಪೇಟೆಬೀದಿಗಳಲ್ಲಿ ಸರ್ವೇಸಾಮಾನ್ಯ. ಉಡುಪು, ಪಿಂಗಾಣಿ, ಪುಸ್ತಕಗಳ ನಡುವೆ ಗ್ರಾಹಕರು ಸಾವಕಾಶವಾಗಿ ಹುಡುಕಾಡುತ್ತಾರೆ. ಇಲ್ಲಿ ದಾಸ್ತಾನು ಎಂಬುದಿಲ್ಲ. ಒಂದು ವಸ್ತು ಒಮ್ಮೆ ಕೈತಪ್ಪಿದರೆ ಅಂಥದೇ ಮತ್ತೊಂದು ಬರುವ ಭರವಸೆಯಿಲ್ಲ. ಕೊಂಡ ಬೆಲೆಯೇ ಇಲ್ಲದ ಕಾರಣ ಮಾರುವ ಬೆಲೆಯೂ ಹಿಂಗೋಣೆಯಲ್ಲಿ ವಿಂಗಡಿಸುವ ಸ್ವಯಂಸೇವಕರ ಅಂದಾಜನ್ನೇ ಅವಲಂಬಿಸಿರುತ್ತದೆ. ಬಟ್ಟಲನ್ನು ಬೋರಲು ಹಾಕಿ ತಳದ ಮುದ್ರೆಯನ್ನು ಓದಬಲ್ಲ ಗಿರಾಕಿಗೆ ಲಾಭವಾಗುವುದು ಇದರಿಂದಲೇ. ಈ ಸೋರಿಕೆಯನ್ನು ತಡೆಯಲೆಂದೇ ದೊಡ್ಡ ಸಂಸ್ಥೆಗಳು ಬೆಲೆಬಾಳುವ ವಸ್ತುಗಳನ್ನು ಮೊದಲೇ ಬೇರ್ಪಡಿಸಿ ಅಂತರ್ಜಾಲದಲ್ಲಿ ಮಾರುತ್ತವೆ. ಬಿಕರಿಯಾಗದೆ ಉಳಿದ ಬಟ್ಟೆಯು ತೂಕದ ಲೆಕ್ಕದಲ್ಲಿ ಚಿಂದಿ ವರ್ತಕರ ಪಾಲಾಗುತ್ತದೆ.

ಸರಕು ಪುಕ್ಕಟೆಯಾದರೂ ಬಾಡಿಗೆ, ವಿದ್ಯುತ್, ವ್ಯವಸ್ಥಾಪಕರ ಸಂಬಳ ಪುಕ್ಕಟೆಯಲ್ಲ. ಅಲ್ಲಿನ ಕಾನೂನು ನೆರವಿಗೆ ಬರುವುದು ಇಲ್ಲಿಯೇ. ದಾನವಾಗಿ ಬಂದ ವಸ್ತುಗಳ ಮಾರಾಟಕ್ಕೆ ಮೌಲ್ಯವರ್ಧಿತ ತೆರಿಗೆಯ ದರ ಶೂನ್ಯ. ವಾಣಿಜ್ಯ ಕಟ್ಟಡ ತೆರಿಗೆಯಲ್ಲಿ ಶೇ. 80ರಷ್ಟು ಕಡ್ಡಾಯ ರಿಯಾಯಿತಿ. ಪೂರ್ಣ ತೆರಿಗೆ ತೆತ್ತು ಪಕ್ಕದಲ್ಲೇ ವ್ಯಾಪಾರ ಮಾಡುವ ಸಣ್ಣ ವರ್ತಕನಿಗೆ ಇದು ಸಹ್ಯವಾಗದಿರುವುದು ಸಹಜ, ಮತ್ತು ಅವನ ದೂರಿನಲ್ಲಿ ಹುರುಳಿಲ್ಲದಿಲ್ಲ.

ನಮ್ಮಲ್ಲಿನ ಪರಿಸ್ಥಿತಿ ಇದಕ್ಕೆ ತದ್ವಿರುದ್ಧ. ಹಳೆಯ ವಸ್ತುಗಳನ್ನು ಕೊಂಡು ಮಾರುವ ವರ್ತಕರಿಗೆ 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳ 32(5)ನೇ ನಿಯಮವು ಒಂದು ಸೌಲಭ್ಯವನ್ನು ಕಲ್ಪಿಸಿದೆ. ಖರೀದಿಯ ಮೇಲೆ ಹೂಡುವಳಿ ತೆರಿಗೆ ಜಮೆಯನ್ನು ಪಡೆಯದಿದ್ದಲ್ಲಿ, ಮಾರಾಟ ಬೆಲೆ ಮತ್ತು ಖರೀದಿ ಬೆಲೆಗಳ ಅಂತರಕ್ಕೆ ಮಾತ್ರ ತೆರಿಗೆ. ನಷ್ಟಕ್ಕೆ ಮಾರಿದರೆ ಆ ವ್ಯವಹಾರಕ್ಕೆ ತೆರಿಗೆಯಿಲ್ಲ.

ಉದಾಹರಣೆಗೆ, ನೋಂದಾಯಿತ ವರ್ತಕನೊಬ್ಬ ಒಂದು ಮನೆಯಿಂದ ಹಳೆಯ ಉಕ್ಕಿನ ಬೀರುವನ್ನು ರೂ. 6,000ಕ್ಕೆ ಕೊಂಡು, ಬಣ್ಣ ಹೊಡೆಸಿ, ತೆರಿಗೆ ಹೊರತುಪಡಿಸಿ ರೂ. 9,000ಕ್ಕೆ ಮಾರಿದನೆನ್ನೋಣ. ಅಂತರ ರೂ. 3,000, ಶೇ. 18ರ ದರದಲ್ಲಿ ತೆರಿಗೆ ರೂ. 540. ಅದೇ ಬೀರುವನ್ನು ದತ್ತಿ ಸಂಸ್ಥೆಯೊಂದು ದಾನವಾಗಿ ಪಡೆದು ಅದೇ ಬೆಲೆಗೆ ಮಾರಿದರೆ, ಸಂಸ್ಥೆಯ ವಹಿವಾಟು ನೋಂದಣಿ ಮಿತಿಯನ್ನು ಮೀರಿದ್ದಲ್ಲಿ, ತೆರಿಗೆ ರೂ. 1,620! ಕಳೆಯಲು ಖರೀದಿ ಬೆಲೆಯೇ ಇಲ್ಲದ್ದರಿಂದ ಮಾರಾಟ ಬೆಲೆಯೆಲ್ಲವೂ ಅಂತರವೇ ಆಗುತ್ತದೆ. ದತ್ತಿ ಸಂಸ್ಥೆಗಳ ಧರ್ಮಾರ್ಥ ಸೇವೆಗಳಿಗೆ ವಿನಾಯಿತಿಯುಂಟು. ಅದು ಸರಕಿಗೆ ಅನ್ವಯಿಸದು.

ಖರೀದಿಯ ದಾಖಲೆಯನ್ನು ಇಡದ ವರ್ತಕನೂ ಇದೇ ಸ್ಥಿತಿಗೆ ಬರಬಹುದು. ಗೃಹಸ್ಥರು ಬಿಲ್ಲು ಕೊಡುವುದಿಲ್ಲ, ನಗದು ಕೊಟ್ಟು ವಸ್ತುವನ್ನು ಗಾಡಿಗೇರಿಸಿದರೆ ಮುಗಿಯಿತೆಂಬುದು ಈ ವ್ಯಾಪಾರದಲ್ಲಿ ರೂಢಿ. ತಪಾಸಣೆಯ ವೇಳೆ ರೂ. 6,000 ಕೊಟ್ಟದ್ದಕ್ಕೆ ಪುರಾವೆ ಇಲ್ಲದಿದ್ದರೆ, ರೂ. 1,080 ಹೆಚ್ಚುವರಿ ತೆರಿಗೆಯ ಜೊತೆಗೆ ಬಡ್ಡಿ ಮತ್ತು ದಂಡದ ಬೇಡಿಕೆಯೂ ಬರಬಹುದು. ಆದುದರಿಂದ ಪ್ರತಿಯೊಂದು ವಸ್ತುವಿಗೂ ಪ್ರತ್ಯೇಕ ಖರೀದಿ ಚೀಟಿ ಬರೆದು, ಮಾರಿದವರ ಹೆಸರು, ವಿಳಾಸ, ವಸ್ತುವಿನ ವಿವರ, ಕೊಟ್ಟ ಮೊತ್ತಗಳನ್ನು ನಮೂದಿಸಿ ಸಹಿ ಪಡೆಯುವುದು ಕ್ಷೇಮ. ಹಣವನ್ನು ಬ್ಯಾಂಕಿನ ಮೂಲಕ ಪಾವತಿಸಿದರೆ ಇನ್ನೂ ಮೇಲು.

ವಸ್ತುವಿನ ಸ್ವರೂಪವನ್ನು ಬದಲಿಸದ ಸಣ್ಣಪುಟ್ಟ ದುರಸ್ತಿಗೆ ಮಾತ್ರ ನಿಯಮದಲ್ಲಿ ಅವಕಾಶವಿದೆ. ಬೀರುವಿಗೆ ಬಣ್ಣ ಬಳಿಯಬಹುದು, ಬೀಗ ಬದಲಿಸಬಹುದು. ಅದನ್ನೇ ಒಡೆದು ತಗಡಾಗಿ ಮಾರಿದರೆ ಈ ಲೆಕ್ಕ ನಡೆಯದು.