ಹಿರಿಯರ ಆರೈಕೆಗೆ ಮನೆಗೆ ಯಾರನ್ನು ಕರೆಯಬೇಕು?

ಮುಂಗಾರು ಬೆಳೆ ಕೈಗೆ ಬಂತೆಂದರೆ ಆಂಧ್ರದ ಕೋಸಿಗಿ, ಮಂತ್ರಾಲಯ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ದುಡಿಯುವವರು ‘ಸುಗ್ಗಿ’ಗೆಂದು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೊರಡುತ್ತಾರೆ, ಇಲ್ಲವೇ ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಆದವಾನಿ ಪೇಟೆಯಲ್ಲಿ ಬೀಗವಿಲ್ಲ, ಆದರೆ ಮಕ್ಕಳೂ ಇಲ್ಲ. ಓದಿ ಹೈದರಾಬಾದು, ಬೆಂಗಳೂರು ಸೇರಿದ್ದಾರೆ. ಎರಡೂ ಕಡೆ ಉಳಿಯುವವರು ಹಿರಿಯರು. ಅವರು ಬಚ್ಚಲಲ್ಲಿ ಜಾರಿ ಬಿದ್ದ ದಿನ ಮಕ್ಕಳ ಫೋನು ಬರುತ್ತದೆ: “ಮನಿಗೆ ಬರೋ ನರ್ಸು ಯಾರಾರ ಸಿಗ್ತಾರೇನ್ರಿ?”

ಮೊದಲ ತಪ್ಪು ಆಗುವುದು ಇಲ್ಲೇ. ಬಹಳ ಮನೆಗಳಿಗೆ ಬೇಕಾದದ್ದು ನರ್ಸು ಅಲ್ಲವೇ ಅಲ್ಲ.

ಹೋಮ್ ಕೇರ್, ಅಂದರೆ ಮನೆಯಲ್ಲೇ ಆರೈಕೆ, ಒಂದೇ ಬಗೆಯದಲ್ಲ. ಸ್ನಾನ ಮಾಡಿಸುವುದು, ಉಣಿಸುವುದು, ಬಟ್ಟೆ ಬದಲಿಸುವುದು, ಕೈಹಿಡಿದು ನಡೆಸುವುದು ಕೇರ್‌ಟೇಕರ್ ಕೆಲಸ. ಇದಕ್ಕೆ ‘ಜನರಲ್ ಡ್ಯೂಟಿ ಅಸಿಸ್ಟೆಂಟ್’ ಎಂಬ ಸಣ್ಣ ತರಬೇತಿ ಪಡೆದವರೂ ಇದ್ದಾರೆ. ಇಂಜೆಕ್ಷನ್, ಮೂಗಿನ ಟ್ಯೂಬು, ಮೂತ್ರದ ಕ್ಯಾತೆಟರ್, ಹುಣ್ಣಿನ ಡ್ರೆಸಿಂಗ್ ಇದ್ದರೆ ಮಾತ್ರ ನರ್ಸು ಬೇಕು; ಅವರು ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿ, ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿರಬೇಕು. ಲಕ್ವಾ ಹೊಡೆದವರಿಗೆ, ಸೊಂಟದ ಮೂಳೆ ಮುರಿದವರಿಗೆ ಫಿಸಿಯೋಥೆರಪಿಸ್ಟ್, ಅಂದರೆ ವ್ಯಾಯಾಮದಿಂದ ಕೈಕಾಲು ಪಳಗಿಸುವವರು, ಬೇಕಾಗಬಹುದು; ಅವರು ಬಂದು ಹೋದರೆ ಸಾಕು.

ನಿಮಗೆ ಯಾರು ಬೇಕೆಂದು ತಿಳಿಯುವುದು ಹೇಗೆ? ಒಂದು ಇಡೀ ದಿನ ಹಿರಿಯರ ಹತ್ತಿರ ಕುಳಿತುಬಿಡಿ. ಎದ್ದಾಗಿನಿಂದ ಮಲಗುವವರೆಗೆ ಯಾವ ಕೆಲಸ ಅವರ ಕೈಲಿ ಆಗಲಿಲ್ಲ ಎಂದು ಬರೆದಿಡಿ. ರಾತ್ರಿ ಎಷ್ಟು ಸಲ ಎದ್ದರು, ಅದನ್ನೂ. ಆ ಚೀಟಿಯೇ ನಿಮ್ಮ ಕೆಲಸದ ಪಟ್ಟಿ. ಹಗಲಿನ ಆಳು ಸಾಕೇ, ರಾತ್ರಿಯೂ ಬೇಕೇ ಎಂಬುದೂ ಅದರಲ್ಲೇ ಗೊತ್ತಾಗುತ್ತದೆ.

ಇನ್ನು ಭಾಷೆ. ಇದನ್ನು ಏಜೆನ್ಸಿಗಳು ತಾವಾಗಿ ಕೇಳುತ್ತವೆಂದು ನಂಬಬೇಡಿ. ನಮ್ಮ ಕಡೆಯವರಿಗೆ ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತೆಲುಗು, ಆದರೆ ನೋವು ಬಂದಾಗ ಬಾಯಿಗೆ ಬರುವುದು ಮನೆಮಾತಾದ ಕನ್ನಡ. ನಮ್ಮ ದೊಡ್ಡಮ್ಮನಿಗೆ ಏಜೆನ್ಸಿಯೊಂದು ದೂರದ ಊರಿನ ಹುಡುಗಿಯನ್ನು ಕಳಿಸಿತ್ತು. ಒಳ್ಳೆಯ ಹುಡುಗಿ, ನಾಲ್ಕು ಕನ್ನಡದ ಮಾತೂ ಕಲಿತಿದ್ದಳು. ದೊಡ್ಡಮ್ಮ “ಹೊರಗ ಹೋಗಬೇಕವ್ವಾ” ಅಂದರು. ಅವಳು ಅಕ್ಕರೆಯಿಂದ ಗಾಲಿಕುರ್ಚಿಯಲ್ಲಿ ಕೂರಿಸಿ ಬೀದಿಬಾಗಿಲಿಗೆ ಕರೆದೊಯ್ದಳು. ಕಟ್ಟೆ ಮುಟ್ಟುವಷ್ಟರಲ್ಲಿ ಸೀರೆ ಕೆಟ್ಟಿತ್ತು. ಎಂಬತ್ತು ದಾಟಿದ ಹೆಂಗಸು ಓಣಿಯ ಮುಂದೆ ಅಳುತ್ತ ಕೂತಿದ್ದನ್ನು ನಾನು ಮರೆತಿಲ್ಲ. ಮರೆವಿನ ಕಾಯಿಲೆ ಇರುವವರಲ್ಲಿ, ಲಕ್ವಾದಿಂದ ಮಾತು ತೊದಲುವವರಲ್ಲಿ ಈ ತೊಡಕು ಇನ್ನೂ ಹೆಚ್ಚು. ಸರ್ಟಿಫಿಕೇಟ್ ಸ್ವಲ್ಪ ಕಡಿಮೆಯಿದ್ದರೂ ಪಕ್ಕದ ಹಳ್ಳಿಯ, ಮಾತು ಬಲ್ಲ ಹೆಂಗಸೇ ಮೇಲು ಎಂದು ನಾನು ಹೇಳುತ್ತೇನೆ. ಟ್ಯೂಬು, ಕ್ಯಾತೆಟರ್ ಇದ್ದರೆ ಮಾತ್ರ ನನ್ನ ಈ ಸಲಹೆ ಹಿಡಿಯಬೇಡಿ.

ಖರ್ಚು ಎಷ್ಟು? ಏಜೆನ್ಸಿಯವರು ದಿನದ ಲೆಕ್ಕ ಹೇಳುತ್ತಾರೆ, ನೀವು ತಿಂಗಳ ಲೆಕ್ಕ ಹಾಕಿ. ದಿನಕ್ಕೆ 600 ಅಂದರೆ ಚಿಕ್ಕದಾಗಿ ಕೇಳಿಸುತ್ತದೆ, ತಿಂಗಳಿಗೆ ಅದು 18,000. ಅದರ ಮೇಲೆ ನೋಂದಣಿ ಶುಲ್ಕ, ಮುಂಗಡ, ಆಳಿನ ಊಟ. ಆಳು ರಜೆ ಹಾಕಿದರೆ ಬದಲಿ ಯಾರು, ಮಧ್ಯದಲ್ಲಿ ಬಿಟ್ಟರೆ ಹಣ ವಾಪಸ್ ಎಷ್ಟು, ಇವೆರಡನ್ನೂ ಬರಹದಲ್ಲಿ ತೆಗೆದುಕೊಳ್ಳಿ. ಆಧಾರ್ ನಕಲು ಇಟ್ಟುಕೊಳ್ಳಿ, ಪೊಲೀಸ್ ವೆರಿಫಿಕೇಶನ್ ಮಾಡಿಸಿ. ಅವಮಾನ ಅಂದುಕೊಳ್ಳುವವರು ಅಂದುಕೊಳ್ಳಲಿ.

“70 ತುಂಬಿದವರಿಗೆ ಆಯುಷ್ಮಾನ್ ಕಾರ್ಡಿದೆಯಲ್ಲ?” ಎಂದು ಕೇಳುತ್ತೀರಿ. ಇದೆ. 2024ರ ಅಕ್ಟೋಬರಿನಿಂದ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಆದರೆ ಅದು ಆಸ್ಪತ್ರೆಗೆ ಸೇರಿದರೆ ಸಿಗುವ ಹಣ. ಮನೆಗೆ ಬರುವ ಆಳಿನ ಸಂಬಳಕ್ಕಲ್ಲ. ಕೈಗೆ ಬರುವ ದುಡ್ಡೆಂದರೆ ಪಿಂಚಣಿ. ಆಂಧ್ರದಲ್ಲಿ 2024ರ ಜುಲೈಯಿಂದ ಎನ್‌ಟಿಆರ್ ಭರೋಸಾದಡಿ ಅರ್ಹ ವೃದ್ಧರಿಗೆ ತಿಂಗಳಿಗೆ 4,000 ರೂಪಾಯಿ. ಪಾರ್ಶ್ವವಾಯುವಿನಿಂದ ಹಾಸಿಗೆ ಅಥವಾ ಗಾಲಿಕುರ್ಚಿ ಹಿಡಿದವರಿಗೆ 15,000. ಈ ಎರಡನೆಯದು ಬಹಳ ಜನಕ್ಕೆ ಗೊತ್ತೇ ಇಲ್ಲ, ಹಾಸಿಗೆ ಹಿಡಿದ ಮೇಲೂ 4,000ದಲ್ಲೇ ಇರುತ್ತಾರೆ. ವೈದ್ಯಕೀಯ ಪ್ರಮಾಣಪತ್ರ ಬೇಕು; ವಿಚಾರಿಸಬೇಕಾದ ಜಾಗ ನಿಮ್ಮ ಗ್ರಾಮ ಅಥವಾ ವಾರ್ಡ್ ಸಚಿವಾಲಯ.

ಆಳು ಎಲ್ಲಿ ಸಿಗುತ್ತಾರೆ? ಫೋನಿನಲ್ಲಿ ಹುಡುಕಿದರೆ ದೊಡ್ಡ ಊರಿನ ಕಂಪನಿಗಳೇ ಬರುತ್ತವೆ. ಹಣ ಕಟ್ಟುವ ಮೊದಲು ನಿಮ್ಮ ಪಿನ್‌ಕೋಡ್ ಹೇಳಿ, ಇಲ್ಲಿಗೆ ಜನ ಕಳಿಸುತ್ತೀರಾ ಎಂದು ಕೇಳಿ. ಅದಕ್ಕಿಂತ ಮೊದಲು ಊರಿನ ಆಶಾ ಕಾರ್ಯಕರ್ತೆಯನ್ನೂ ಎಎನ್‌ಎಂ ಅನ್ನೂ ವಿಚಾರಿಸಿ. ಯಾವ ಮನೆಯಲ್ಲಿ ಯಾರು ಯಾರನ್ನು ನೋಡಿಕೊಂಡರು ಎಂಬುದು ಅವರಿಗೆ ಬಾಯಿಪಾಠ. ಆದವಾನಿಯ ಸರ್ಕಾರಿ ಆಸ್ಪತ್ರೆಯಿಂದ ಬಿಡುಗಡೆ ಆಗುವಾಗ ವಾರ್ಡಿನ ಸಿಸ್ಟರನ್ನು ಕೇಳಿ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಉಚಿತ.

ಆಳು ಬಂದ ಮೊದಲ ದಿನ ನೀವು ಮನೆಯಲ್ಲೇ ಇರಿ. ಮಾತು ಬೇಡ, ಸುಮ್ಮನೆ ನೋಡಿ. ಮಂಚದಿಂದ ಗಾಲಿಕುರ್ಚಿಗೆ ಕೂರಿಸುವ ಮೊದಲು ಗಾಲಿಗೆ ಬ್ರೇಕು ಹಾಕಿದಳೇ? ಕಂಕುಳಿಗೆ ಕೈಕೊಟ್ಟು ಎಳೆದಳೋ, ಬೆನ್ನಿಗೆ ಆಸರೆ ಕೊಟ್ಟು ಎಬ್ಬಿಸಿದಳೋ? ಮುಟ್ಟುವ ಮೊದಲು “ಅವ್ವಾ, ಈಗ ಎಡಕ್ಕ ಹೊರಳಿಸ್ತೀನಿ” ಎಂದು ಹೇಳಿದಳೇ? ಮಲಗಿದಲ್ಲೇ ಇರುವವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಅದಕ್ಕೆ ಗೋಡೆಗೊಂದು ನೋಟ್‌ಬುಕ್ಕು ತೂಗುಹಾಕಿ: ಹೊರಳಿಸಿದ ಹೊತ್ತು, ಕೊಟ್ಟ ಮಾತ್ರೆ, ಉಂಡದ್ದು, ಮೂತ್ರ. ಬರೆಯಲು ಬಾರದವಳಾದರೆ ಗೀಟು ಎಳೆದರೂ ಆಯಿತು. ಸಂಜೆ ಬೆಂಗಳೂರಿನಿಂದ ಮಗ ವಿಡಿಯೋ ಕಾಲ್ ಮಾಡಿದಾಗ ಅಮ್ಮನ ಮುಖದ ಜೊತೆ ಆ ಪುಟವನ್ನೂ ತೋರಿಸಲು ಹೇಳಲಿ.