ಥೈರಾಯ್ಡ್‌ಗೆ ಉರಿಯೂತ ಯಾಕೆ ಬರುತ್ತದೆ?

ನಮ್ಮ ಕತ್ತಿನ ಮುಂಭಾಗದಲ್ಲಿ ಒಂದು ಸಣ್ಣ ಗ್ರಂಥಿ ಇದೆ. ರೆಕ್ಕೆ ಬಿಚ್ಚಿದ ಚಿಟ್ಟೆಯ ಹಾಗೆ ಇರುತ್ತದೆ. ಅದರ ಹೆಸರು ಥೈರಾಯ್ಡ್. ಅದು ಒಂದು ರಸವನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮೈಯೊಳಗಿನ ಕೆಲಸ ಎಷ್ಟು ಬೇಗ ನಡೀಬೇಕು ಅಂತ ಈ ರಸವೇ ಹೇಳುತ್ತದೆ.

ರಸ ಹೆಚ್ಚಾದರೆ ಎದೆ ಡವಡವ ಅನ್ನುತ್ತದೆ. ಕೈ ನಡುಗುತ್ತದೆ. ಮೈ ಬೆವರುತ್ತದೆ. ಕಡಿಮೆಯಾದರೆ ಸುಸ್ತು, ಚಳಿ, ಮಲಬದ್ಧತೆ. ತೂಕ ಏರುತ್ತದೆ. ಮುಟ್ಟು ಏರುಪೇರಾಗುತ್ತದೆ.

ಗಾಯವಾದ ಬೆರಳು ಕೆಂಪಾಗಿ ಊದಿಕೊಳ್ಳೋದನ್ನು ನಾವು ನೋಡಿದ್ದೇವೆ. ಅದೇ ಉರಿಯೂತ. ಥೈರಾಯ್ಡ್ ಗ್ರಂಥಿಯಲ್ಲೂ ಹೀಗಾಗುತ್ತದೆ. ಆದರೆ ಎಲ್ಲರಿಗೂ ನೋವು ಇರೋದಿಲ್ಲ. ಊತ ಹೊರಗೆ ಕಾಣಲೇಬೇಕೆಂದೂ ಇಲ್ಲ. ಗಂಡಸರಿಗಿಂತ ಹೆಂಗಸರಿಗೇ ಇದು ಹೆಚ್ಚು.

ಬೇಲಿಯೇ ಹೊಲ ಮೇಯ್ದರೆ

ನಮ್ಮ ರಕ್ತದಲ್ಲಿ ಕಾವಲು ಕಾಯುವ ಕಣಗಳಿವೆ. ರೋಗಾಣು ಒಳಗೆ ಬಂದರೆ ಅವು ಹೋರಾಡುತ್ತವೆ. ಕೆಲವರಲ್ಲಿ ಈ ಕಾವಲಿಗೆ ಗುರುತು ತಪ್ಪುತ್ತದೆ. ತನ್ನದೇ ಥೈರಾಯ್ಡನ್ನು ಶತ್ರು ಅಂದುಕೊಂಡು ಹೊಡೆಯುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ! 1912ರಲ್ಲಿ ಜಪಾನಿನ ವೈದ್ಯ ಹಕಾರು ಹಾಶಿಮೊಟೊ ಈ ಕಾಯಿಲೆಯ ಬಗ್ಗೆ ಬರೆದರು. ಅದಕ್ಕೇ ಇದಕ್ಕೆ ಹಾಶಿಮೊಟೊ ಕಾಯಿಲೆ ಅಂತ ಹೆಸರು. ತಾಯಿಗೋ ಅಕ್ಕತಂಗಿಯರಿಗೋ ಇದ್ದರೆ ನಮಗೂ ಬರುವ ಸಂಭವ ಹೆಚ್ಚು. ಆದರೆ ಇದು ಅಂಟುರೋಗವಲ್ಲ.

ಹೆರಿಗೆ ಆದ ಮೇಲೆ

ಬಸಿರಿನಲ್ಲಿ ಈ ಕಾವಲು ಸ್ವಲ್ಪ ಸಡಿಲವಾಗಿರುತ್ತದೆ. ಹೆರಿಗೆಯ ನಂತರ ಮತ್ತೆ ಚುರುಕಾಗುತ್ತದೆ. ಆಗ ಕೆಲವು ಬಾಣಂತಿಯರ ಥೈರಾಯ್ಡ್‌ಗೆ ಪೆಟ್ಟು ಬೀಳುತ್ತದೆ. 100 ಬಾಣಂತಿಯರಲ್ಲಿ ಸುಮಾರು 5 ಮಂದಿಗೆ, ಹೆರಿಗೆಯಾದ ಒಂದು ವರ್ಷದೊಳಗೆ ಇದು ಬರುತ್ತದೆ. ಮೊದಲು, ಗ್ರಂಥಿಯಲ್ಲಿ ಕೂಡಿಟ್ಟಿದ್ದ ರಸ ಸೋರುತ್ತದೆ. ಎದೆ ಬಡಿತ ಹೆಚ್ಚುತ್ತದೆ. ಕೆಲವು ತಿಂಗಳಲ್ಲಿ ರಸ ಬರಿದಾಗುತ್ತದೆ. ಮಗು ಅತ್ತರೂ ಏಳಲಾಗದಷ್ಟು ಸುಸ್ತು. ಕಾರಣವಿಲ್ಲದೆ ಅಳು.

"ಬಾಣಂತಿ ಅಂದ್ಮೇಲೆ ಇದೆಲ್ಲಾ ಇದ್ದದ್ದೇ" ಅಂತಾರೆ ಕೆಲವರು. "ಸೊಸೆ ಸೋಮಾರಿ" ಅಂತಾರೆ ಇನ್ನು ಕೆಲವರು. ದೃಷ್ಟಿ ತೆಗೆದು ಸುಮ್ಮನಾಗೋದೂ ಉಂಟು. ಇದು ಸೋಮಾರಿತನವೂ ಅಲ್ಲ, ದೃಷ್ಟಿಯೂ ಅಲ್ಲ. ಹೆಚ್ಚಿನವರು ಒಂದೂವರೆ ವರ್ಷದೊಳಗೆ ಗುಣವಾಗುತ್ತಾರೆ. ಕೆಲವರಿಗೆ ಮಾತ್ರ ಜೀವನಪೂರ್ತಿ ಮಾತ್ರೆ ಬೇಕಾಗುತ್ತದೆ.

ಬೇರೆ ಕಾರಣಗಳು

ನೆಗಡಿ, ಜ್ವರ ಬಂದು ಹೋದ ಕೆಲವು ವಾರಗಳಲ್ಲಿ ಕತ್ತು ನೋಯಬಹುದು. ನೋವು ಕಿವಿ, ದವಡೆಯವರೆಗೂ ಹೋಗುತ್ತದೆ. ಇದು ವೈರಸ್‌ನಿಂದ ಬರುವ ಉರಿಯೂತ. ಬ್ಯಾಕ್ಟೀರಿಯಾ ಸೇರಿ ಕೀವಾಗುವುದು ಅಪರೂಪ. ಹಾಗಾದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಕೆಲವು ಔಷಧಿಗಳಿಂದಲೂ ಉರಿಯೂತ ಬರಬಹುದು. ಹೃದಯಕ್ಕೆ ಕೊಡುವ ಅಮಿಯೊಡರೋನ್, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಅಂಥವು. ಹಾಗಂತ ನಾವಾಗಿಯೇ ಅವನ್ನು ನಿಲ್ಲಿಸಬಾರದು. ಡಾಕ್ಟರನ್ನು ಕೇಳಬೇಕು.

ಉಪ್ಪಿನ ವಿಷಯ

ಅಯೋಡಿನ್ ಕಡಿಮೆಯಾದರೆ ಕತ್ತು ಊದುತ್ತದೆ. ಅದು ಗಳಗಂಡ. ಅದು ಬೇರೆ, ಉರಿಯೂತ ಬೇರೆ. ಗಳಗಂಡ ಬಾರದಿರಲು ಅಡುಗೆಗೆ ಅಯೋಡಿನ್ ಉಪ್ಪನ್ನೇ ಬಳಸೋಣ. ಆದರೆ ಅಯೋಡಿನ್ ಅತಿಯಾದರೂ ಕೆಲವರಿಗೆ ಉರಿಯೂತ ಬರುತ್ತದೆ. ಡಾಕ್ಟರು ಹೇಳದೆ ಅಯೋಡಿನ್ ಮಾತ್ರೆ, ಟಾನಿಕ್ ಬೇಡ.

ನಾವೇನು ಮಾಡೋಣ?

ಹೆರಿಗೆಯಾಗಿ ತಿಂಗಳುಗಳು ಕಳೆದರೂ ಸುಸ್ತು ಹೋಗಲಿಲ್ಲವೇ? ಆಶಾ ಕಾರ್ಯಕರ್ತೆಗೆ ಹೇಳೋಣ. ಡಾಕ್ಟರಿಗೆ ತೋರಿಸೋಣ. "ಥೈರಾಯ್ಡ್ ಪರೀಕ್ಷೆ ಬೇಕಾ?" ಅಂತ ನಾವೇ ಕೇಳೋಣ. ಸ್ವಲ್ಪ ರಕ್ತ ಕೊಟ್ಟರೆ ಸಾಕು, ರಸ ಎಷ್ಟಿದೆ ಅಂತ ಗೊತ್ತಾಗುತ್ತದೆ.

ರಸ ಕಡಿಮೆಯಿದ್ದರೆ ಮಾತ್ರೆ ಕೊಡುತ್ತಾರೆ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ನೀರಿನ ಜೊತೆ ನುಂಗಬೇಕು. ಕಾಫಿ, ಟೀ, ತಿಂಡಿ ಎಲ್ಲಾ ಆಮೇಲೆ. ಮಗುವಿಗೆ ಹಾಲು ಕುಡಿಸುವವರೂ ಇದನ್ನು ತೆಗೆದುಕೊಳ್ಳಬಹುದು. ಮೈ ಹಗುರವಾಯಿತು ಅಂತ ಮಧ್ಯದಲ್ಲಿ ಬಿಡಬಾರದು.

ಮನೆಯಲ್ಲಿ ಬಾಣಂತಿ ಸುಸ್ತು ಅಂದರೆ ಬೈಯೋದು ಬೇಡ. ಜೊತೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸೋಣ.