ಹೊರಗಿನ ಲೈಬ್ರರಿಯ ವಿಳಾಸ

ಅಂಕಪಟ್ಟಿಯ ಕಡತವೊಂದನ್ನು ಓದಿ, ತಪ್ಪು ಸಾಲುಗಳನ್ನು ಬೇರ್ಪಡಿಸಿ, ಉಳಿದವನ್ನು ಡೇಟಾಬೇಸಿಗೆ ಸೇರಿಸಬಲ್ಲ ಸಾಧನಗಳಲ್ಲಿ ಕೆಟಲ್ ಎಂಬುದೊಂದು. ಇದನ್ನು ರಚಿಸಿದವರು ಮ್ಯಾಟ್ ಕಾಸ್ಟರ್ಸ್ ಎಂಬವರು. 2006ರಲ್ಲಿ ಇದು ಪೆಂಟಾಹೊ ಸಂಸ್ಥೆಯನ್ನು ಸೇರಿತು. ಇದರ ಅಂಗಗಳಿಗೆ ಸ್ಪೂನ್, ಪ್ಯಾನ್, ಕಿಚನ್ ಎಂಬ ಹೆಸರುಗಳಿವೆ. ಒಂದು ಅಡುಗೆಮನೆಯೇ ಇಲ್ಲಿದೆಯೆನ್ನಬಹುದು! ಕೆಟಲ್ ಜಾವಾ ಭಾಷೆಯಲ್ಲಿ ರಚಿತವಾದುದರಿಂದ, ನಾವು ಬರೆದ ಜಾವಾ ಪ್ರೋಗ್ರಾಮಿನ ಒಳಗೇ ಅದನ್ನು ಅಳವಡಿಸಿಕೊಳ್ಳಲು ಸಾಧ್ಯವಿದೆ.

ಆದರೆ ಕೆಟಲ್ ಎಲ್ಲವನ್ನೂ ತಾನೇ ಬಲ್ಲುದಲ್ಲ. ಮೈಎಸ್‌ಕ್ಯುಎಲ್ ಡೇಟಾಬೇಸಿನೊಡನೆ ವ್ಯವಹರಿಸಲು ಡ್ರೈವರ್ ಎಂಬ ಹೊರಗಿನ ಲೈಬ್ರರಿಯು ಬೇಕು. ಲೈಬ್ರರಿಯೆಂದರೆ ಇಲ್ಲಿ ಪುಸ್ತಕಾಲಯವಲ್ಲ. ಇತರರು ಬರೆದಿಟ್ಟ ಕ್ಲಾಸುಗಳ ಗಂಟು. ಆ ಗಂಟನ್ನು ಜಾರ್ ಕಡತವೆನ್ನುತ್ತಾರೆ. ಕೆಟಲನ್ನು ಪ್ರತ್ಯೇಕವಾಗಿ ನಡೆಸುವಾಗ ಡ್ರೈವರನ್ನು ಅದರ ಲಿಬ್ ಕೋಶದಲ್ಲಿಟ್ಟರೆ ಸಾಕು. ಅದನ್ನು ಆರಂಭಿಸುವ ಕಡತವೇ ಆ ಕೋಶವನ್ನು ಸೇರಿಸಿಕೊಳ್ಳುತ್ತದೆ. ಒಳಗೆ ಅಳವಡಿಸಿದಾಗಲಾದರೋ ಆ ಕಡತವು ನಡೆಯುವುದೇ ಇಲ್ಲ. ಆದುದರಿಂದ ನಮ್ಮ ಪ್ರೋಗ್ರಾಮಿನ ಕ್ಲಾಸ್‌ಪಾತಿನಲ್ಲಿ, ಅಂದರೆ ಜಾವಾ ಹುಡುಕಬೇಕಾದ ಸ್ಥಳಗಳ ಪಟ್ಟಿಯಲ್ಲಿ, ಡ್ರೈವರಿನ ವಿಳಾಸವನ್ನು ನಾವೇ ಬರೆಯತಕ್ಕದ್ದು. ಪ್ಲಗಿನ್ನುಗಳ ಕೋಶವನ್ನಂತೂ ಕೆಟಲನ್ನು ಆರಂಭಿಸುವ ಮುನ್ನವೇ ಅದಕ್ಕೆ ತಿಳಿಸಿರಬೇಕು.

ಪ್ರೋಗ್ರಾಮು ಕಂಪೈಲ್ ಆಗುವಾಗ ಡ್ರೈವರಿನ ಕೊರತೆಯು ಕಾಣದು. ಡ್ರೈವರನ್ನು ಹುಡುಕುವುದು ನಡೆಸುವಾಗಲೇ. ದೂರು ಬರುವುದೂ ಆಗಲೇ. ಪಟ್ಟಿಯ ವಿಳಾಸಗಳ ನಡುವೆ ವಿಂಡೋಸಿನಲ್ಲಿ ಅರ್ಧವಿರಾಮವನ್ನೂ ಲಿನಕ್ಸಿನಲ್ಲಿ ಎರಡು ಚುಕ್ಕೆಗಳ ವಿವರಣಚಿಹ್ನೆಯನ್ನೂ ಹಾಕಬೇಕು. ಕೋಶದ ಹೆಸರಿನ ಮುಂದೆ ನಕ್ಷತ್ರಚಿಹ್ನೆಯಿಟ್ಟರೆ ಅದರಲ್ಲಿನ ಜಾರ್‌ಗಳೆಲ್ಲವೂ ಸೇರುತ್ತವೆ, ಉಪಕೋಶಗಳವು ಸೇರವು. ಇನ್ನೊಂದು ವಿಚಿತ್ರವನ್ನು ನೆನಪಿಡಿರಿ: ಪ್ರೋಗ್ರಾಮನ್ನು ಜಾರ್ ಕಡತವಾಗಿಯೇ ನಡೆಸಲು ಆಜ್ಞೆಯಿತ್ತಾಗ, ಅದೇ ಸಾಲಿನಲ್ಲಿ ಬರೆದ ಕ್ಲಾಸ್‌ಪಾತನ್ನು ಜಾವಾ ಲೆಕ್ಕಕ್ಕೇ ಹಿಡಿಯದು. ಆ ಜಾರಿನೊಳಗಿರುವ ಮ್ಯಾನಿಫೆಸ್ಟ್ ಕಡತದ ಮಾತೇ ಅಲ್ಲಿ ಪ್ರಮಾಣ. ಇದನ್ನರಿಯದೆ ಗಂಟೆಗಟ್ಟಲೆ ತಡಕಾಡಿದವರು ಬಹಳ ಮಂದಿ.

ಒಂದೇ ಲೈಬ್ರರಿಯ ಎರಡು ಆವೃತ್ತಿಗಳು ಸೇರಿದರೆ ಫಲವೇನು? ಮುಂಬಯಿಯ ಚಾಳಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ, ಹೊಸಬನು ಮೊದಲು ಸಿಕ್ಕ ಬಾಗಿಲನ್ನೇ ತಟ್ಟುವನಷ್ಟೆ. ಜಾವಾ ಸಹ ಪಟ್ಟಿಯಲ್ಲಿ ಮೊದಲು ದೊರೆತ ಕ್ಲಾಸನ್ನೇ ಎತ್ತಿಕೊಳ್ಳುತ್ತದೆ. ಅದು ಹಳೆಯ ಆವೃತ್ತಿಯಾಗಿದ್ದರೆ, ಬೇಕಾದ ಮೆಥಡ್ ಅದರಲ್ಲಿಲ್ಲವೆಂದು ನಡುದಾರಿಯಲ್ಲಿ ನಿಂತುಬಿಡುತ್ತದೆ. ಕೆಟಲಿನೊಡನೆ ಬರುವ ಜಾರ್‌ಗಳೂ ನಮ್ಮ ಪ್ರೋಗ್ರಾಮಿನ ಜಾರ್‌ಗಳೂ ಹೀಗೆ ಡಿಕ್ಕಿಯಾಗುವುದುಂಟು.

ಇಂಥ ಪಟ್ಟಿಯನ್ನು ಆವೃತ್ತಿಸಮೇತ ಬರೆದಿಡುವುದು ಏತಕ್ಕೆಂಬುದು 2021ರ ಡಿಸೆಂಬರಿನಲ್ಲಿ ಜಗತ್ತಿಗೆ ತಿಳಿಯಿತು. ಪ್ರೋಗ್ರಾಮುಗಳ ನಡೆಯನ್ನು ದಾಖಲಿಸುವ ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯಲ್ಲಿ ಭಾರಿ ದೋಷವೊಂದು ಹೊರಬಿದ್ದಿತು. ಹೊರಗಿನವನು ಕಳುಹಿಸಿದ ಒಂದು ಸಾಲು ದಾಖಲಾದರೆ ಸಾಕು, ಅವನ ಆಜ್ಞೆಯು ನಮ್ಮ ಕಂಪ್ಯೂಟರಿನಲ್ಲಿ ನಡೆಯುವ ಸಂಭವವಿದ್ದಿತು. ತಿದ್ದಿದ ಆವೃತ್ತಿಯು ಬೇಗನೆ ಬಂದರೂ, ತಮ್ಮಲ್ಲಿ ಅದು ಎಲ್ಲೆಲ್ಲಿದೆಯೆಂಬುದೇ ಅನೇಕರಿಗೆ ತಿಳಿದಿರಲಿಲ್ಲ. ಅದು ಒಂದು ಜಾರಿನೊಳಗಿನ ಮತ್ತೊಂದು ಜಾರಿನಲ್ಲಿ ಅಡಗಿದ್ದೆಡೆ, ಕೋಶದಲ್ಲಿ ಕಡತದ ಹೆಸರನ್ನು ಮಾತ್ರ ಹುಡುಕಿದವರ ಕಣ್ಣಿಗೆ ಅದು ಬೀಳಲೂ ಇಲ್ಲ.